ಕೇಳಿಸಿ ಅಳಿಸು

ಫೆಬ್ರವರಿ 9

ಹಾಲು ಉಕ್ಕಿತು. ಒಲೆ ಒರೆಸಿದ್ದಾಯಿತು. ಇವರ ಕತ್ತಿನ ಗಾಜ್ ಬಟ್ಟೆ ಬದಲಿಸಿ, ತೂತಿನ ಸುತ್ತ ಶುಚಿ ಮಾಡಿದ್ದೂ ಆಯಿತು. ತೂತು ಅನ್ನಬಾರದಂತೆ, ನರ್ಸ್ ಅದಕ್ಕೊಂದು ಇಂಗ್ಲಿಷ್ ಹೆಸರು ಹೇಳಿಕೊಟ್ಟಿದ್ದಾರೆ. ನನಗೆ ತೂತು ತೂತೇ. ಉಸಿರು ಅದರಿಂದಲೇ, ಕೆಮ್ಮು ಅದರಿಂದಲೇ. ಮಾತು ಮಾತ್ರ ಎಲ್ಲಿಂದಲೂ ಇಲ್ಲ. ಕ್ಯಾನ್ಸರ್ ಎಂದು ಗಂಟಲಿನ ದನಿಪೆಟ್ಟಿಗೆಯನ್ನೇ ಕತ್ತರಿಸಿ ತೆಗೆದ ಮೇಲೆ ಇನ್ನೆಲ್ಲಿಯ ಮಾತು.

ತಿಂಡಿ ಹೊತ್ತಿಗೆ ಬಿಳಿ ಬೋರ್ಡಿನ ಮೇಲೆ ಬರೆದರು — "ಸೂಪಿಗೆ ಉಪ್ಪಿಲ್ಲ."

ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಊರಿನ ಅರ್ಧ ಜನಕ್ಕೆ ಕಾರು ಕಲಿಸಿದ ಗಂಟಲು. ಕಿಟಕಿ ಏರಿಸಿದ್ದರೂ ಆಚೆ ಬೀದಿಗೆ ಕೇಳುತ್ತಿತ್ತು. "ಕ್ಲಚ್ಚು! ಕ್ಲಚ್ಚು ಅಂದೆ, ಬ್ರೇಕಲ್ಲ!" ಈಗ ಉಪ್ಪಿಲ್ಲ ಎನ್ನುವುದಕ್ಕೂ ಮಾರ್ಕರ್ ಹುಡುಕಬೇಕು. ಫೋನಿನಲ್ಲಿ ಟೈಪ್ ಮಾಡಿ ಎಂದರೆ ಬೆರಳು ದಪ್ಪ ಎಂಬ ನೆಪ.

ಆಪರೇಷನ್ನಿಗೆ ಮುಂಚೆ, ಮಾತಿನ ತರಬೇತಿಯ ಮೇಡಂ ಹೇಳಿದರೆಂದು, ದನಿ ರೆಕಾರ್ಡ್ ಮಾಡಿಟ್ಟಿದ್ದಾರೆ. ಲ್ಯಾಪ್‌ಟಾಪಿನಲ್ಲಿದೆ. ಎಷ್ಟೋ ಸಂಜೆ ಬಾಗಿಲು ಹಾಕಿಕೊಂಡು ಏನೇನೋ ಹೇಳಿಕೊಂಡರು. ಏನದು ಎಂದರೆ "ನಿನಗಲ್ಲ ಕಣೇ" ಅಂದಿದ್ದರು. ನಾನಿನ್ನೂ ಕೇಳಿಲ್ಲ. ಧೈರ್ಯವಿಲ್ಲ. ಪೆನ್‌ಡ್ರೈವಿಗೆ ಒಂದು ಕಾಪಿ ಹಾಕಿಡಬೇಕು. ನಾಳೆ ನಾಳೆ ಎಂದೇ ಆಗುತ್ತಿದೆ.

ಫೆಬ್ರವರಿ 13

ಲ್ಯಾಪ್‌ಟಾಪ್ ಬಿತ್ತು.

ಮಗಳು. ಹನ್ನೊಂದು ವರ್ಷ, ಕೂತಲ್ಲಿ ಕೂರುವ ಜೀವವಲ್ಲ. ಅದಕ್ಕೇ ಅವಳಪ್ಪ ಗಿರಗಿಟ್ಲೆ ಎಂದು ಹೆಸರಿಟ್ಟಿದ್ದು. ಊಟದ ಮೇಜಿಗೆ ಕೂತು, ಕಾಲಾಡಿಸುತ್ತಾ ಹೋಂವರ್ಕ್ ಮಾಡುತ್ತಿದ್ದಳು. ಚಾರ್ಜರ್ ವೈರು ಕಾಲಿಗೆ ತೊಡರಿತು. ಜಗ್ಗಿದಳು. ಮೂಲೆ ಕೆಳಗಾಗಿ ನೆಲಕ್ಕೆ ಅಪ್ಪಳಿಸಿತು. ಸ್ಕ್ರೀನ್ ಬಿರುಕು. ಬಟನ್ ಒತ್ತಿದರೆ ಜೀವವೇ ಇಲ್ಲ.

"ಅಪ್ಪನ ದನಿ ಅದರಲ್ಲಿತ್ತಲ್ಲೇ!" ಎಂದು ಕಿರುಚಿಬಿಟ್ಟೆ.

ಬಾಯಿಂದ ಬಂದೇಬಿಟ್ಟಿತು. ಬಂದ ಮೇಲೆ ನುಂಗಲಿಕ್ಕಾಗುತ್ತದೆಯೇ.

ಇವರು ರೂಮಿನಿಂದ ಎದ್ದು ಬಂದರು. ಅವಳ ತಲೆ ಸವರಿ ಬೋರ್ಡಿನಲ್ಲಿ ಬರೆದರು — "ಗಾಡಿ ಹೋದ್ರೆ ಹೋಗ್ಲಿ. ಡ್ರೈವರ್‌ಗೆ ಏನಾದ್ರೂ ಪೆಟ್ಟಾಯ್ತಾ?" ಓದಿದಳು. ನಗಲಿಲ್ಲ. ಅಳಲೂ ಇಲ್ಲ. ಪುಸ್ತಕ ಮುಚ್ಚಿ ಒಳಗೆ ಹೋದಳು.

ಫೆಬ್ರವರಿ 15

ಬೀದಿ ಕೊನೆಯ ಕಂಪ್ಯೂಟರ್ ರಿಪೇರಿ ಅಂಗಡಿ. ಮೆಟ್ಟಿಲ ಕೆಳಗಿನ ಗೂಡು. ರಿಪೇರಿಯವನಿಗೆ ಬಾಯಿ ತೆರೆಯಲು ಬರುತ್ತದೆ, ಮುಚ್ಚಲು ಬರುವುದಿಲ್ಲ. ಲ್ಯಾಪ್‌ಟಾಪನ್ನು ಬೋರಲು ಹಾಕಿ, ಸ್ಕ್ರೂ ಬಿಚ್ಚಿ, ಟಾರ್ಚ್ ಬಿಟ್ಟು ನೋಡಿದ.

"ಒಳಗಿನ ಮದರ್‌ಬೋರ್ಡ್ ಢಮಾರ್ ಅಕ್ಕ. ಇದಕ್ಕೆ ಎಳ್ಳುನೀರು ಬಿಟ್ಬಿಡಿ."

"ಒಳಗಡೆ ಇದ್ದಿದ್ದು?"

"ಹಾರ್ಡ್ ಡಿಸ್ಕಾ? ಅದೇ ಬೇರೆ, ಇದೇ ಬೇರೆ. ಮನೆ ಬಿದ್ರೂ ಬೀರು ಉಳ್ಕೊಳ್ಳಲ್ವಾ? ಬೀರು ಎತ್ಕೊಂಡು ಹೋಗಿ ಇನ್ನೊಂದು ಮನೇಲಿಟ್ರೆ ಆಯ್ತು."

ಅಂಗೈಯಗಲದ ತಗಡಿನ ಡಬ್ಬಿಯೊಂದನ್ನು ಎಳೆದು ತೆಗೆದ. ಅದನ್ನು ಪ್ಲಾಸ್ಟಿಕ್ ಕೇಸಿನೊಳಗೆ ಕೂರಿಸಿ, ಒಂದು ಯುಎಸ್‌ಬಿ ವೈರು ಸಿಕ್ಕಿಸಿದ. ಇನ್ನು ಯಾವ ಕಂಪ್ಯೂಟರಿಗಾದರೂ ಚುಚ್ಚಬಹುದಂತೆ, ಪೆನ್‌ಡ್ರೈವಿನ ಹಾಗೆ. ಇಲ್ಲೇ ಚುಚ್ಚಿ ನೋಡಪ್ಪ ಎಂದೆ. ಕರೆಂಟ್ ಇರಲಿಲ್ಲ. ನನ್ನ ಹಣೆಬರಹಕ್ಕೆ ಸರಿಯಾಗಿ.

"ಒಂದು ವಿಷ್ಯ ಅಕ್ಕ. ಚುಚ್ಚಿದ ತಕ್ಷಣ ಫಾರ್ಮ್ಯಾಟ್ ಮಾಡ್ಲಾ ಅಂತ ಕೇಳಿದ್ರೂ ಕೇಳಬಹುದು. ಅಪ್ಪಿತಪ್ಪಿ ಯೆಸ್ ಅನ್ಬೇಡಿ. ಅಂದ್ರೆ ಕಥೆ ಮುಗೀತು."

ಡಿಸ್ಕನ್ನು ಟವೆಲಿನಲ್ಲಿ ಸುತ್ತಿ, ಬ್ಯಾಗಿನಲ್ಲಿಟ್ಟು ಮನೆಗೆ ತಂದೆ. ಮಗಳು ಬಾಗಿಲಲ್ಲಿ ನಿಂತಿದ್ದಳು. ಬ್ಯಾಗು ನೋಡಿದಳು, ನನ್ನ ಮುಖ ನೋಡಿದಳು, ಏನೂ ಕೇಳಲಿಲ್ಲ.

ಫೆಬ್ರವರಿ 17

ನಾನು ಕರಡು ತಿದ್ದುವ ಪ್ರೆಸ್ಸಿನಲ್ಲಿ ಮಧ್ಯಾಹ್ನ ಎಲ್ಲರೂ ಊಟಕ್ಕೆ ಎದ್ದ ಮೇಲೆ ನನ್ನ ಮೇಜಿನ ಕಂಪ್ಯೂಟರಿಗೆ ಚುಚ್ಚಿದೆ. ಟಿಂಗ್ ಅಂದಿತು. ಮರುಕ್ಷಣ ಟುಂಗ್. ಏನೂ ಬರಲಿಲ್ಲ. ಡಿಸ್ಕು ಒಳಗೊಳಗೇ ಟಿಕ್ ಟಿಕ್ ಎನ್ನುತ್ತಿತ್ತು. ಕಿತ್ತು ಮತ್ತೆ ಚುಚ್ಚಿದೆ. ಅದೇ ಟಿಂಗ್, ಅದೇ ಟುಂಗ್.

ಪ್ರೆಸ್ಸಿನ ಯಜಮಾನರು ಬೆನ್ನ ಹಿಂದೆ. "ಏನಮ್ಮಾ ಅದು, ವೈರಸ್ಸು ಗಿರಸ್ಸು ತಂದು ಅಂಟಿಸ್ಬೇಡ. ಪಠ್ಯಪುಸ್ತಕದ ಕರಡು ನಾಳೆ ಹೋಗ್ಬೇಕು."

ಹೋಗುತ್ತದೆ ಬಿಡಿ ಸಾರ್. ಏಳನೇ ತರಗತಿ ವಿಜ್ಞಾನ. ಇಡೀ ಮಧ್ಯಾಹ್ನ ತಿದ್ದಿದೆ. ಒಂದೇ ಸಾಲನ್ನು ಎರಡು ಸಲ ಅಚ್ಚು ಹಾಕಿದ್ದಾರೆ. ಅಂಚಿನಲ್ಲಿ ಕೆಂಪಿನಲ್ಲಿ ಬರೆದೆ, ಒಂದನ್ನು ಅಳಿಸಿ.

ಗಿರಗಿಟ್ಲೆ ಈಗ ಕುರ್ಚಿಯ ಮೇಲೆ ಎರಡೂ ಕಾಲು ಮಡಚಿಟ್ಟುಕೊಂಡು ಕೂರುತ್ತಾಳೆ. ಮೇಜಿನ ಕೆಳಗೆ ಬಿಡುವುದೇ ಇಲ್ಲ. ಹೇಳಿದ ಕೆಲಸ ಮಾಡುತ್ತಾಳೆ, ಕೇಳಿದ್ದಕ್ಕೆ ಹೂಂ ಅನ್ನುತ್ತಾಳೆ. ಒಂದು ಹನಿ ಕಣ್ಣೀರಿಲ್ಲ. ಗಟ್ಟಿಗಿತ್ತಿ. ನನ್ನ ಹಾಗೆ. ನಮ್ಮಮ್ಮ ಹೋದಾಗ ನಾನೂ ಅಳಲಿಲ್ಲ, ಇವಳದು ಕಲ್ಲು ಎದೆ ಎಂದರು ಜನ. ಅನ್ನಲಿ. ಅತ್ತರೆ ಮೂಗು ಕಟ್ಟುತ್ತದೆ, ಬೇರೇನಾಗುತ್ತದೆ?

ಫೆಬ್ರವರಿ 19

ಸಿಕ್ಕಿತು!

ರಿಪೇರಿಯವನಿಗೆ ಫೋನ್ ಮಾಡಿದ್ದೆ. "ಕಂಪ್ಯೂಟರ್ ಮುಂದಗಡೆ ಚುಚ್ಚಿದ್ರಾ? ಅಯ್ಯೋ ಅಕ್ಕ, ಅಲ್ಲಿ ಪವರ್ ಸಾಲಲ್ಲ. ಡಬ್ಬ ತಿರುಗ್ಸಿ ಹಿಂದಗಡೆ ಚುಚ್ಚಿ." ಮೇಜಿನ ಕೆಳಗೆ ಮಂಡಿಯೂರಿ, ವರ್ಷಗಳ ಧೂಳಿನಲ್ಲಿ ಕೈಯಾಡಿಸಿ, ಹಿಂದಗಡೆ ಚುಚ್ಚಿದೆ. ಟಿಂಗ್. ಕಾದೆ. ಟುಂಗ್ ಬರಲಿಲ್ಲ. ಪರದೆಯ ಮೇಲೆ ಹೊಸ ಡ್ರೈವ್ ಬಂದು ಕೂತಿತ್ತು.

ಇವರ ಫೋಲ್ಡರ್ ಒತ್ತಿದರೆ, ಇದನ್ನು ತೆರೆಯಲು ನಿಮಗೆ ಅನುಮತಿ ಇಲ್ಲ ಎಂಬ ಉತ್ತರ. ಹೆಂಡತಿ ಕಣಯ್ಯ, ಎಂದು ಬೈದುಕೊಂಡೆ. ಕೆಳಗೆ 'ಕಂಟಿನ್ಯೂ' ಎಂದಿತ್ತು. ಒತ್ತಿದೆ. ಹಸಿರು ಗೆರೆ ತೆವಳಿತು, ತೆವಳಿತು, ಕೊನೆಗೂ ತೆರೆಯಿತು. ಒಳಗೊಂದು ಫೋಲ್ಡರ್. ಹೆಸರು — ಗಿರಗಿಟ್ಲೆ.

ಹೆಡ್‌ಫೋನ್ ಹಾಕಿಕೊಂಡೆ. ಮೊದಲು ಗಂಟಲು ಸರಿಮಾಡಿಕೊಳ್ಳುವ ಸದ್ದು. ಆಮೇಲೆ ದನಿ. ಇವರದೇ. ಒರಟು, ಸ್ವಲ್ಪ ಮೂಗಿನಲ್ಲಿ.

ಮಗಳಿಗೆ ಡ್ರೈವಿಂಗ್ ಪಾಠ. ಹನ್ನೊಂದು ವರ್ಷದ ಮಗುವಿಗೆ. ಅವಳಿಗೆ ಹದಿನೆಂಟು ತುಂಬುವ ಹೊತ್ತಿಗೆ ತಾನಿರುತ್ತೇನೋ ಇಲ್ಲವೋ ಎಂದು ಈಗಲೇ ಪೂರ್ತಿ ಪಾಠ ಹೇಳಿಟ್ಟಿದ್ದಾರೆ. ಕಾರಿನಲ್ಲಿ ಕೂತು ಹಚ್ಚಿಕೊಳ್ಳಬೇಕು, ದನಿ ಹೇಳಿದಂತೆ ಮಾಡಬೇಕು. ನಡುನಡುವೆ "ಈಗ ಮಾಡು, ನಾನು ಕಾಯ್ತೀನಿ" ಎಂದು ಸುಮ್ಮನಾಗುತ್ತಾರೆ. ಆ ಖಾಲಿ ಜಾಗದಲ್ಲಿ ಫ್ಯಾನಿನ ಸದ್ದು, ದೂರದಲ್ಲಿ ನಾನು ಪಾತ್ರೆ ತೊಳೆಯುವ ಸದ್ದು. ಆಮೇಲೆ "ಹಾಂ, ಗಾಡಿ ಆಫ್ ಆಯ್ತಲ್ಲ? ಎಲ್ಲರಿಗೂ ಆಗುತ್ತೆ. ನಿಮ್ಮಮ್ಮಂಗೆ ಆರು ತಿಂಗಳು ಬರೀ ಆಫೇ ಆಗಿದ್ದು."

ಸುಳ್ಳು. ಆರು ತಿಂಗಳೇನಲ್ಲ.

ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟು ನಿಂತೆ. ಅಳಲಿಲ್ಲ.

ಕಾಪಿ ಆಗುವುದಕ್ಕೆ ತುಂಬಾ ಹೊತ್ತು ಹಿಡಿಯುತ್ತಿದೆ. ನಡುವೆ ನಿಂತುಹೋಗುತ್ತದೆ, ಕಿತ್ತು ಮತ್ತೆ ಚುಚ್ಚಬೇಕು. ಪೂರ್ತಿ ಕೈಗೆ ಬರುವ ತನಕ ಮಗಳಿಗೆ ಹೇಳುವುದಿಲ್ಲ. ಆಸೆ ಹುಟ್ಟಿಸಿ ಕೈಕೊಟ್ಟರೆ ಅದಕ್ಕಿಂತ ಪಾಪ ಇನ್ನಿಲ್ಲ.

ಫೆಬ್ರವರಿ 24

ಇವರಿಗೆ ಜ್ವರ. ಕತ್ತಿನ ತೂತಿನಿಂದ ಹಳದಿ ಕಫ. ಆಸ್ಪತ್ರೆಗೆ ಸೇರಿಸಿದೆ. ಆಟೋದಲ್ಲಿ ಬೋರ್ಡು ತೊಡೆಯ ಮೇಲಿಟ್ಟುಕೊಂಡು ಬರೆದರು — "ಇವನಿಗೆ ಗೇರ್ ಹಾಕೋಕೇ ಬರಲ್ಲ."

ಮಾರ್ಚ್ 3

ಡಾಕ್ಟರ್ ಹೊರಗೆ ಕರೆದು ಹೇಳಿದರು. ಕ್ಯಾನ್ಸರ್ ಶ್ವಾಸಕೋಶಕ್ಕೂ ಹಬ್ಬಿದೆ. ಮುಂದಿನದೆಲ್ಲ ನೋವಾಗದ ಹಾಗೆ ನೋಡಿಕೊಳ್ಳುವುದಷ್ಟೇ.

ಒಳಗೆ ಹೋದೆ. ನನ್ನ ಮುಖದಲ್ಲೇ ಓದಿಕೊಂಡರು. ಬೋರ್ಡು ಕೇಳಲಿಲ್ಲ, ಕೈ ಹಿಡಿದುಕೊಂಡರು. ನಾನು ಬೆಡ್‌ಶೀಟ್ ಸರಿಮಾಡಿದೆ.

ವಾರ್ಡಿನೊಳಗೆ ಚಿಕ್ಕ ಮಕ್ಕಳನ್ನು ಬಿಡುವುದಿಲ್ಲ. ಗಿರಗಿಟ್ಲೆ ಕೆಳಗೆ ಕಾಯುವ ಬೆಂಚಿನ ಮೇಲೆ, ಕಾಲು ಮಡಚಿ, ಸ್ಕೂಲ್ ಬ್ಯಾಗ್ ತಬ್ಬಿಕೊಂಡು. ಇವರು ದಿನಾ ಬೋರ್ಡಿನಲ್ಲಿ ಬರೆದು ಕೇಳುತ್ತಾರೆ, "ಹೇಗಿದ್ದಾಳೆ?" ಗಟ್ಟಿಯಾಗಿದ್ದಾಳೆ ರೀ, ಒಂದು ದಿನವೂ ಅತ್ತಿಲ್ಲ ಎಂದು ಹೆಮ್ಮೆಯಿಂದ ಹೇಳುತ್ತೇನೆ. ಅದನ್ನು ಕೇಳಿ ಇವರ ಮುಖ ಯಾಕೋ ಸಪ್ಪಗಾಗುತ್ತದೆ.

ಮಾರ್ಚ್ 5, ಸಂಜೆ

ಕಾಪಿ ಪೂರ್ತಿ ಆಯಿತು. ಎಲ್ಲ ಪೆನ್‌ಡ್ರೈವಿಗೆ ಹಾಕಿದೆ. ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಏನನ್ನೂ ಉಳಿಸಲಿಲ್ಲ, ಯಜಮಾನರ ಕಣ್ಣು ತಪ್ಪಿಸಿ ಎಷ್ಟು ದಿನ. ಕುಣಿಯುವುದೊಂದು ಬಾಕಿ. ನೇರ ಆಸ್ಪತ್ರೆಗೆ ಓಡಿದೆ. ಮಗಳನ್ನು ಬೆಂಚಿನಲ್ಲಿ ಕೂರಿಸಿ ಮೇಲೆ ಹತ್ತಿದೆ.

"ಸಿಕ್ತು ರೀ. ಗಿರಗಿಟ್ಲೆ ಪಾಠ. ಎಲ್ಲಾ ಸಿಕ್ತು, ಒಂದೂ ಹಾಳಾಗಿಲ್ಲ."

ಕಣ್ಣು ಅರಳಿದವು. ಎಷ್ಟು ದಿನವಾಗಿತ್ತು ಹಾಗೆ ನೋಡಿ. ಬೋರ್ಡಿಗೆ ಕೈ ಚಾಚಿದರು. ಮಾರ್ಕರ್ ಎರಡು ಸಲ ಬಿತ್ತು. ಎರಡೇ ಪದ ಬರೆದರು —

ಕೇಳಿಸಿ ಅಳಿಸು

ನಡುವೆ ಚುಕ್ಕಿಯಿಲ್ಲ, ಗೆರೆಯಿಲ್ಲ. ಒಂದು ಸಲ ಕೇಳಿಸಿ, ಆಮೇಲೆ ಅಳಿಸಿಬಿಡು.

ಫೋನಿಗೆ ಪೆನ್‌ಡ್ರೈವ್ ಸಿಕ್ಕಿಸಿ, ಇವರ ಕಿವಿಗೆ ಇಯರ್‌ಫೋನ್ ಇಟ್ಟೆ. ಸ್ವಲ್ಪ ಕೇಳಿದರು. ಆಮೇಲೆ ಇಯರ್‌ಫೋನ್ ಕಿತ್ತು ನನ್ನ ಕೈಗೆ ತುರುಕಿದರು. ತಲೆ ಅಲ್ಲಾಡಿಸಿದರು. ಬೇಡ, ಬೇಡ. ಬಾಗಿಲ ಕಡೆ ಕೈ ತೋರಿಸಿದರು. ತೆಗೆದುಕೊಂಡು ಹೋಗು. ತನ್ನ ದನಿಯನ್ನು ತಾನೇ ಕೇಳಲಾಗುತ್ತಿಲ್ಲ, ಪಾಪ.

"ಅಳಿಸ್ಲೇಬೇಕಾ?"

ಎರಡನೇ ಪದದ ಕೆಳಗೆ ಗೆರೆ ಎಳೆದರು. ದಪ್ಪ ಗೆರೆ.

"ಅವಳು ಅಳ್ತಾಳೆ ರೀ."

ಜೋರಾಗಿ ತಲೆಯಾಡಿಸಿದರು, ಹೌದು ಹೌದು ಎಂದು. ಅದಕ್ಕೇ ಅಳಿಸು ಎನ್ನುವ ಹಾಗೆ. ಮತ್ತೊಮ್ಮೆ ಬಾಗಿಲ ಕಡೆ ಕೈ. ಅಷ್ಟರಲ್ಲಿ ಕೆಮ್ಮು ಹತ್ತಿಕೊಂಡಿತು, ನರ್ಸ್ ಓಡಿ ಬಂದರು, ನನ್ನನ್ನು ಹೊರಗೆ ಕಳಿಸಿದರು.

ಮಾರ್ಚ್ 6

ಮನಸ್ಸು ಒಪ್ಪುತ್ತಿಲ್ಲ. ಒಂದೇ ಒಂದು ಕಾಪಿ ಇಟ್ಟುಕೊಂಡರೆ ಯಾರಿಗೆ ಗೊತ್ತಾಗುತ್ತದೆ? ನನಗೆ ಗೊತ್ತಾಗುತ್ತದೆ. ಇಷ್ಟು ವರ್ಷದಲ್ಲಿ ಇವರು ನನ್ನನ್ನು ಏನು ಬೇಡಿದ್ದಾರೆ? ಉಪ್ಪು. ಈಗ ಇದೊಂದು. ಇದನ್ನೂ ನಡೆಸಿಕೊಡದಿದ್ದರೆ ನಾನೆಂಥ ಹೆಂಗಸು.

ಮಗಳಿಗೆ ಕೇಳಿಸಿಬಿಡಲೇ ಎಂದೂ ಅನಿಸಿತು. ಕೇಳಿದರೆ ಅವಳು ಬಿಟ್ಟುಕೊಡುವುದಿಲ್ಲ. ಆಮೇಲೆ ಅಳಿಸುವುದು ಹೇಗೆ? ಬೇಡ.

ಸಂಜೆ ರಿಪೇರಿಯವನ ಹತ್ತಿರ ಹೋದೆ. ಪೂರ್ತಿ ಅಳಿಸುವುದು ಹೇಗೆ?

"ಯಾಕಕ್ಕ? ಅಷ್ಟು ಒದ್ದಾಡಿ ತೆಗೆದಿದ್ದು."

"ಅವರ ಇಷ್ಟ ಕಣಪ್ಪ."

ತಲೆ ಕೆರೆದುಕೊಂಡ. "ಬರೀ ಡಿಲೀಟ್ ಕೊಟ್ರೆ ಹೋಗಲ್ಲ, ಯಾರಾದ್ರೂ ವಾಪಸ್ ತೆಗೀಬಹುದು. ಫಾರ್ಮ್ಯಾಟ್ ಕೊಡಿ. ಕ್ವಿಕ್ ಅಂತ ಒಂದು ಟಿಕ್ ಇರುತ್ತೆ, ಅದನ್ನ ತೆಗೀರಿ. ಆಗ ಉದ್ದಕ್ಕೂ ಸೊನ್ನೆ ತುಂಬ್ಕೊಂಡು ಹೋಗುತ್ತೆ. ಆಮೇಲೆ ಬ್ರಹ್ಮ ಬಂದ್ರೂ ಆಗಲ್ಲ."

ಮಾರ್ಚ್ 8, ಭಾನುವಾರ

ಪ್ರೆಸ್ಸಿಗೆ ರಜೆ. ಬೀಗದ ಕೈ ನನ್ನ ಹತ್ತಿರ ಇರುತ್ತದೆ.

ಮೊದಲು ಒಂದು ಸಲ ಪೂರ್ತಿ ಕೇಳಿದೆ. ನಿನಗಲ್ಲ ಎಂದಿದ್ದರು, ಆದರೂ ಕೇಳಿದೆ. ಕೊನೆಯ ಪಾಠ ಹಿಮ್ಮುಖ ಪಾರ್ಕಿಂಗ್. ಅದು ಮುಗಿದ ಮೇಲೆ ಮೈಕ್ ಆಫ್ ಮಾಡಲು ಮರೆತು, ಹಾಡೊಂದನ್ನು ಅರ್ಧ ಗುನುಗಿದ್ದಾರೆ. ತಪ್ಪು ರಾಗದಲ್ಲಿ.

ಆಮೇಲೆ ಫಾರ್ಮ್ಯಾಟ್. ಕ್ವಿಕ್ ಎಂಬ ಟಿಕ್ ತೆಗೆದೆ. ಎಲ್ಲ ಹೋಗುತ್ತದೆ, ಪರವಾಗಿಲ್ಲವೇ ಎಂದು ಕೇಳಿತು. ಪರವಾಗಿಲ್ಲ ಎಂದೆ. ಗೆರೆ ನಿಧಾನಕ್ಕೆ ಮುಂದೆ ಹೋಯಿತು. ಡಿಸ್ಕು ಟಿಕ್ ಟಿಕ್ ಎನ್ನುತ್ತಲೇ ಇತ್ತು. ನಾನು ಪಕ್ಕದಲ್ಲಿ ಕೂತು ವಿಜ್ಞಾನದ ಎರಡನೇ ಕರಡು ತಿದ್ದಿದೆ. ಒಂದು ಅಕ್ಷರವೂ ತಲೆಗೆ ಹೋಗಲಿಲ್ಲ. ಪೆನ್‌ಡ್ರೈವಿಗೂ ಹಾಗೇ ಮಾಡಿದೆ. ಅರೆಬರೆ ಕೆಲಸ ನನ್ನ ಕೈಯಿಂದ ಆಗುವುದಿಲ್ಲ.

ಮನೆಗೆ ಬಂದರೆ ಮಗಳು ಎಷ್ಟೋ ದಿನದ ಮೇಲೆ ತಾನಾಗಿ ಬಾಯಿ ಬಿಟ್ಟಳು.

"ಅಮ್ಮ, ಆ ಡಿಸ್ಕಲ್ಲಿ ಏನಾದ್ರೂ ಸಿಕ್ತಾ?"

"ಇಲ್ಲ ಪುಟ್ಟಾ. ಪೂರ್ತಿ ಹಾಳಾಗಿದೆ."

"ಹೂಂ" ಅಂದಳು. ಅಷ್ಟೇ.

ಮಾರ್ಚ್ 9

ಇವರಿಗೆ ಬೆಳಿಗ್ಗೆ ಸ್ವಲ್ಪ ಎಚ್ಚರವಿತ್ತು. ಹೇಳದೇ ಇರಲು ಆಗಲಿಲ್ಲ. ಕಿವಿಯ ಹತ್ತಿರ ಬಗ್ಗಿ, "ನೀವು ಹೇಳಿದ ಹಾಗೇ ಮಾಡ್ದೆ ರೀ. ಅಳಿಸಿದೆ" ಅಂದೆ.

ಬೋರ್ಡು ಕೇಳಿದರು. "ತುಂಬಾ ಹೊತ್ತಾ?"

"ಮಧ್ಯಾಹ್ನ ಪೂರ್ತಿ."

"ಪಾಪ" ಎಂದು ಬರೆದರು. ನನಗೆ ನಗು ಬಂತು. ಕಲಿಯುವವರ ಕೈಯಲ್ಲಿ ನರಳುವ ಗೇರ್‌ಬಾಕ್ಸಿಗೂ ಪಾಪ ಅನ್ನುತ್ತಿದ್ದ ಮನುಷ್ಯ, ಡಿಸ್ಕಿಗೆ ಬಿಡುತ್ತಾರೆಯೇ.

"ಈಗ?"

"ಈಗ ಎಲ್ಲಾ ಖಾಲಿ. ಒಳಗೆ ಏನೂ ಉಳಿದಿಲ್ಲ."

ಕಣ್ಣಂಚಿನಲ್ಲಿ ನೀರು. ಆದರೆ ಮುಖದಲ್ಲಿ ನೆಮ್ಮದಿ, ಆಪರೇಷನ್ ಆದಾಗಿನಿಂದ ನಾನು ಕಾಣದಿದ್ದ ನೆಮ್ಮದಿ. "ಹಗುರ" ಎಂದು ಬರೆದರು. ಅಕ್ಷರ ಕೆಳಕ್ಕೆ ಜಾರಿತ್ತು. ನನ್ನ ಕೈ ಒತ್ತಿದರು. ಮಾಡಿದ್ದು ಸರಿಯಾಯಿತು ಎನಿಸಿತು.

ಮಾರ್ಚ್ 11

ಬೆಳಿಗ್ಗೆ ಹೋದರು.

ಮಾರ್ಚ್ 26

ಬರೆಯಲು ಕೂತರೆ ಕೈ ಏಳುತ್ತಿರಲಿಲ್ಲ. ಇವತ್ತು ಬರೆಯದೆ ಇರಲಾಗುತ್ತಿಲ್ಲ.

ಮನೆ ತುಂಬ ಇದ್ದ ಜನ ಒಬ್ಬೊಬ್ಬರೇ ಹೋದರು. ಅತ್ತಿಗೆ ಮಾತ್ರ ಉಳಿದಿದ್ದಾರೆ, ಇವರ ಅಕ್ಕ. ಬಾಯಿ ಜೋರು, ಮನಸ್ಸು ಮೆತ್ತಗೆ. ಬೆಳಿಗ್ಗೆ ಅಡುಗೆಮನೆಯಲ್ಲಿ ನಾನು ಲೋಟ ತೊಳೆಯುತ್ತಿದ್ದೆ, ಅವರು ಒರೆಸಿಡುತ್ತಿದ್ದರು.

"ನಿನ್ನ ಮಗಳನ್ನ ನೋಡಿದ್ರೆ ನಂಗೆ ಭಯ ಆಗುತ್ತೆ ಕಣೇ. ಅಪ್ಪನ್ನ ಹೊತ್ಕೊಂಡು ಹೋಗುವಾಗ್ಲೂ ಅಳ್ಲಿಲ್ಲ. ಒಳಗೇ ಇಟ್ಕೊಂಡು ಕೊರಗ್ತಾ ಇದೆ ಮಗು."

"ಅವಳು ಗಟ್ಟಿ ಅಕ್ಕ."

"ಗಟ್ಟಿಯಂತೆ ಗಟ್ಟಿ! ಹನ್ನೊಂದು ವರ್ಷದ ಕೂಸು ಯಾಕೆ ಗಟ್ಟಿ ಇರ್ಬೇಕು? ಏನಾದ್ರೂ ಮಾಡು, ಮೊದ್ಲು ಅವಳನ್ನ ಅಳಿಸು. ಅತ್ರೇನೆ ಹಗುರ ಆಗೋದು."

ಲೋಟ ಕೈಯಲ್ಲೇ ಉಳಿಯಿತು. ನಲ್ಲಿ ಸುರಿಯುತ್ತಲೇ ಇತ್ತು. ಅತ್ತಿಗೆಯೇ ಬಂದು ನಿಲ್ಲಿಸಿದರು. ಏನಾಯ್ತೇ, ಏನಾಯ್ತೇ ಎನ್ನುತ್ತಿದ್ದರು.

ಅವಳನ್ನು ಅಳಿಸು.

ಅವಳಿಗೆ ಕೇಳಿಸಿ, ಅವಳನ್ನು ಅಳಿಸು. ಅಳುವ ಹಾಗೆ ಮಾಡು. ಇವರು ಬರೆದದ್ದು ಅದು. ನಾನು ಓದಿದ್ದು, ಇವರಿಗೆ ಕೇಳಿಸಿ, ಅದನ್ನು ಅಳಿಸು. ಒರೆಸಿ ಹಾಕು. ಅಕ್ಷರ ಅದೇ. ಒಂದು ಕೊಂಬು, ಒಂದು ದೀರ್ಘವೂ ಬೇರೆಯಿಲ್ಲ. ದಿನಬೆಳಗಾದರೆ ಕರಡಿನ ಅಂಚಿನಲ್ಲಿ 'ಈ ಸಾಲು ಅಳಿಸಿ', 'ಈ ಪ್ಯಾರಾ ಅಳಿಸಿ' ಎಂದು ಗೀಚಿ ಗೀಚಿ, ಆ ಪದಕ್ಕೆ ಇನ್ನೊಂದು ಅರ್ಥವಿದೆ ಎಂಬುದೇ ನನಗೆ ಹೊಳೆಯಲಿಲ್ಲ. ಇವರು ಕರಡು ತಿದ್ದುವವರಲ್ಲ. ಮನೆಯಲ್ಲಿ ಆಡುವ ಮಾತನ್ನು ಬರೆದರು.

ಬಾಗಿಲ ಕಡೆ ಕೈ ತೋರಿಸಿದರಲ್ಲ. ತೆಗೆದುಕೊಂಡು ಹೋಗು ಎಂದಲ್ಲ. ಕೆಳಗೆ ಬೆಂಚಿನ ಮೇಲೆ ಮಗಳು ಕೂತಿದ್ದಳು. ನನಗಲ್ಲ, ಅವಳಿಗೆ ಕೇಳಿಸು ಎಂದು. ಅವಳು ಅಳ್ತಾಳೆ ರೀ ಎಂದೆ ನಾನು. ಹೌದು, ಅದೇ, ಅದೇ ಬೇಕಾದ್ದು ಎಂದು ತಲೆಯಾಡಿಸಿದರು.

ಅಳಿಸಿದೆ ಎಂದು ಕಿವಿಯಲ್ಲಿ ಹೇಳಿ ಬಂದೆನಲ್ಲ. ತುಂಬಾ ಹೊತ್ತಾ ಎಂದರು. ಮಧ್ಯಾಹ್ನ ಪೂರ್ತಿ ಎಂದೆ. ಪಾಪ ಎಂದರು. ಡಿಸ್ಕಿಗಲ್ಲ, ಮಗಳಿಗೆ. ಮಗಳು ಮಧ್ಯಾಹ್ನವೆಲ್ಲ ಅತ್ತು ಹಗುರಾಗಿದ್ದಾಳೆ ಎಂದುಕೊಂಡೇ ಹೋದರು. ಅದು ಅವರ ಪುಣ್ಯವೋ, ನಾನು ಮಾಡಿದ ಮೋಸವೋ, ಯೋಚಿಸಿದರೆ ತಲೆ ಸಿಡಿಯುತ್ತದೆ.

ಮಾರ್ಚ್ 27

ರಿಪೇರಿ ಅಂಗಡಿ ತೆರೆಯುವುದಕ್ಕೆ ಮುಂಚೆಯೇ ಹೋಗಿ ನಿಂತಿದ್ದೆ. ಡಿಸ್ಕು, ಪೆನ್‌ಡ್ರೈವ್ ಎರಡನ್ನೂ ಅವನ ಮೇಜಿನ ಮೇಲಿಟ್ಟೆ. ವಾಪಸ್ ತೆಗೆದುಕೊಡು.

"ಟಿಕ್ ತೆಗೆದಿದ್ರಾ ಅಕ್ಕ?"

"ತೆಗೆದಿದ್ದೆ."

ಆದರೂ ಚುಚ್ಚಿದ. ಏನೇನೋ ಸಾಫ್ಟ್‌ವೇರ್ ಓಡಿಸಿದ. ಒಂದು ಓಡಿಸಿ, ಇನ್ನೊಂದು ಓಡಿಸಿ. ಪರದೆ ತುಂಬ ಸೊನ್ನೆ. ಉದ್ದಕ್ಕೂ ಸೊನ್ನೆ, ಅಡ್ಡಕ್ಕೂ ಸೊನ್ನೆ. ಅವತ್ತೇ ಬ್ರಹ್ಮ ಬಂದರೂ ಆಗದು ಎಂದಿದ್ದವನು ಇವತ್ತು ಬಾಯಿ ಮುಚ್ಚಿಕೊಂಡು ಕೂತಿದ್ದ. ಮೊದಲ ಸಲ. ವೈರು ಸುತ್ತಿ, ಡಿಸ್ಕನ್ನು ನಾನು ತಂದ ಟವೆಲಿನಲ್ಲೇ ಕಟ್ಟಿ ಕೊಟ್ಟ.

ಮಾತಿನ ತರಬೇತಿಯ ಮೇಡಂಗೆ ಫೋನ್ ಮಾಡಿದೆ. ಅವರ ಹತ್ತಿರವೂ ಏನೂ ಇಲ್ಲ, ತಂದುಕೊಡುತ್ತೇವೆ ಎಂದವರು ಬರಲೇ ಇಲ್ಲವಲ್ಲ ಅಂದರು. ಇವರು ಫೋನಿಗೆ ಮೆಸೇಜು ಮಾಡುವವರಲ್ಲ, ವಾಯ್ಸ್ ಅಂತೂ ಕಳಿಸಿದವರೇ ಅಲ್ಲ. ಒಂದು ಹಲೋ ಕೂಡ ಎಲ್ಲೂ ಉಳಿದಿಲ್ಲ.

ಏಪ್ರಿಲ್ 2

ಅತ್ತಿಗೆ ಊರಿಗೆ ಹೋದರು. ಮನೆಯಲ್ಲಿ ನಾವಿಬ್ಬರೇ.

ಮಗಳು ಮಿಕ್ಸಿ ಮುಟ್ಟುವುದಿಲ್ಲ. ಇಸ್ತ್ರಿಪೆಟ್ಟಿಗೆ ಮುಟ್ಟುವುದಿಲ್ಲ. "ನೀನೇ ಹಾಕು ಅಮ್ಮ, ನಾನು ಹಾಕಿದ್ರೆ ಹಾಳಾಗುತ್ತೆ." ಸ್ವಿಚ್ ಹಾಕುವುದಕ್ಕೂ ನನ್ನನ್ನೇ ಕರೆಯುತ್ತಾಳೆ. ವೈರು ಕಂಡರೆ ದಾಟುವುದಿಲ್ಲ, ಸುತ್ತು ಹಾಕಿ ಹೋಗುತ್ತಾಳೆ.

ಅಪ್ಪನ ದನಿ ತನ್ನ ಕಾಲಿನಿಂದ ಹೋಯಿತು ಎಂದು ನಂಬಿಕೊಂಡಿದ್ದಾಳೆ. ನಾನೇ ನಂಬಿಸಿದ್ದು, ಎರಡು ಸಲ. ಒಮ್ಮೆ ಕಿರುಚಿ, ಒಮ್ಮೆ ಸುಳ್ಳು ಹೇಳಿ. ನಿಜ ಹೇಳಿದರೆ ಅವಳ ಹೊರೆ ಇಳಿಯುತ್ತದೆ. ಆದರೆ ಆಮೇಲೆ ನನ್ನ ಮುಖ ನೋಡುತ್ತಾಳೆಯೇ? ಅವಳಿಗೆ ಈಗ ಇರುವುದು ನಾನೊಬ್ಬಳು. ನನಗೂ ಅವಳೊಬ್ಬಳು.

ಹೆದರಿಕೆಯಾಗುತ್ತಿದೆ. ಬರೆದೇ ಬಿಡುತ್ತೇನೆ, ಸಾಯುವಷ್ಟು ಹೆದರಿಕೆಯಾಗುತ್ತಿದೆ.

ಏಪ್ರಿಲ್ 6, ಸಂಜೆ

ಹೇಳಿದೆ.

ಊಟದ ಮೇಜಿನ ಎದುರು ಕೂರಿಸಿ, ಮೊದಲಿನಿಂದ ಹೇಳಿದೆ. ಡಿಸ್ಕು ಹಾಳಾಗಿರಲಿಲ್ಲ. ಬೇರೆ ಕಂಪ್ಯೂಟರಿಗೆ ಹಾಕಿದೆ, ಎಲ್ಲ ಬಂತು. ಅಪ್ಪ ಎರಡು ಪದ ಬರೆದರು, ನಾನು ತಪ್ಪಾಗಿ ಓದಿದೆ. ಅಳಿಸಿಹಾಕಿದವಳು ನಾನು. ಕೈ ಮುಗಿಯಲೇ, ಕಾಲು ಹಿಡಿಯಲೇ ಗೊತ್ತಾಗದೆ ಮೇಜಿನ ಅಂಚು ಹಿಡಿದುಕೊಂಡಿದ್ದೆ.

ನನ್ನನ್ನೇ ನೋಡಿದಳು. ಕಣ್ಣು ಒಣಗಿದ್ದವು.

"ಹಾಗಾದ್ರೆ ನಾನು ಬೀಳಿಸಿದ್ದಕ್ಕೆ ಹೋಗಿದ್ದಲ್ವಾ?"

"ಅಲ್ಲ."

"ನೀನಾ?"

"ನಾನು."

"ಅಪ್ಪಂಗೆ ಗೊತ್ತಿತ್ತಾ? ನನ್ನಿಂದ ಹಾಳಾಗಿಲ್ಲ ಅಂತ?"

"ಗೊತ್ತಿತ್ತು. ಕಿವಿಯಾರ ಕೇಳಿದ್ರು. ಒಂದೂ ಹಾಳಾಗಿಲ್ಲ ಅಂದಾಗ ಕಣ್ಣು ಹೇಗೆ ಅರಳ್ತು ಗೊತ್ತಾ."

ಎದ್ದು ಹೋಗುತ್ತಾಳೆ ಎಂದುಕೊಂಡೆ. ಹೋಗಲಿಲ್ಲ.

"ಏನು ಹೇಳಿದ್ದ ಅದ್ರಲ್ಲಿ?"

ನನಗೆ ಮಾತು ಮಾತಾಗಿ ನೆನಪಿದೆ, ಅದೊಂದು ನನ್ನ ಕಸುಬು ಕೊಟ್ಟಿದ್ದು. ದನಿ ಮಾತ್ರ ನನ್ನದು, ಸಪ್ಪೆ ದನಿ. ಆದರೂ ಶುರು ಮಾಡಿದೆ. "ಗಿರಗಿಟ್ಲೆ, ಸೀಟು ಮುಂದಕ್ಕೆ ಎಳ್ಕೋ. ಕನ್ನಡಿ ಸರಿ ಮಾಡ್ಕೋ. ಕೈ ನಡುಗುತ್ತಾ? ನಡುಗ್ಲಿ ಬಿಡು. ಏನಾದ್ರೂ ತಪ್ಪಾದ್ರೆ ಹೆದರ್ಕೋಬೇಡ, ಈ ಕಡೆ ನನ್ನ ಕಾಲ ಕೆಳಗೂ ಒಂದು ಬ್ರೇಕ್ ಇದೆ" ಎಂದೆ, ಅಷ್ಟರಲ್ಲಿ ಅವಳು ಬಿಕ್ಕಿ ಬಿಕ್ಕಿ ಅಳತೊಡಗಿದಳು.